ಕಪಾಟಿನಲ್ಲೊಂದು ಬೋರ್ಡು

ಕಚೇರಿಯ ಕಂಪ್ಯೂಟರಿಗೆ ಯಾವ ಮದರ್‌ಬೋರ್ಡು ಒಳ್ಳೆಯದು ಎಂದು ಕೇಳುವವರು ಒಂದು ಕಂಪನಿಯ ಹೆಸರು ಕೇಳಿಸಿಕೊಂಡು ಹೋಗಲು ಬಂದಿರುತ್ತಾರೆ. ವಡೋದರಾದಲ್ಲಿ ಈ ಕೆಲಸದೊಳಗೇ ಕಳೆದ ವರ್ಷಗಳನ್ನು ಈಗ ಒಟ್ಟಿಗೆ ಇಟ್ಟು ನೋಡಿದರೆ, ಹೆಸರೊಂದನ್ನು ಹೇಳಿ ಮುಗಿಸಬಹುದಾದ ಪ್ರಶ್ನೆ ಅದಾಗಿರಲಿಲ್ಲ ಅನ್ನಿಸುತ್ತದೆ. ಆ ವರ್ಷಗಳ ಗಿರಾಕಿಗಳೆಂದರೆ ರಾವ್‌ಪುರಾ, ಅಲ್ಕಾಪುರಿಯ ಚಾರ್ಟರ್ಡ್ ಅಕೌಂಟೆಂಟರು, ಮಕರಪುರಾ ಜಿಐಡಿಸಿಯ ಸಣ್ಣ ಎಂಜಿನಿಯರಿಂಗ್ ಘಟಕಗಳು, ನಂದೇಸರಿಯ ರಾಸಾಯನಿಕ ಕಾರ್ಖಾನೆಗಳ ಡಿಸ್ಪ್ಯಾಚ್ ವಿಭಾಗಗಳು, ಹೆದ್ದಾರಿ ಬದಿಯ ಟ್ರಾನ್ಸ್‌ಪೋರ್ಟ್ ಆಫೀಸುಗಳು. ಎಲ್ಲರ ಕೆಲಸವೂ ಹೆಚ್ಚುಕಡಿಮೆ ಒಂದೇ: ಟ್ಯಾಲಿ, ಎಕ್ಸೆಲ್, ಇ-ಮೇಲ್, ನಾಲ್ಕೈದು ಸರ್ಕಾರಿ ಪೋರ್ಟಲ್‌ಗಳು, ಚಲನ್ ಹೊಡೆಯುವ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಇಂಥ ಕಚೇರಿಗೆ ನಾನು ಕೊನೆಗೆ ತಲುಪಿದ ಉತ್ತರ ಇಷ್ಟು. ಮಾರುಕಟ್ಟೆಯಲ್ಲಿ ಒಂದು ವರ್ಷವಾದರೂ ಓಡಿರುವ ಚಿಪ್‌ಸೆಟ್‌ನ ಅತಿ ಸಾದಾ ಬೋರ್ಡನ್ನು ತೆಗೆದುಕೊಳ್ಳಿ. ಎಲ್ಲ ಯಂತ್ರಕ್ಕೂ ಅದೇ ಮಾಡೆಲ್ ಹಾಕಿ. ಹತ್ತು ಕಂಪ್ಯೂಟರಿದ್ದರೆ ಹನ್ನೊಂದು ಬೋರ್ಡು ಕೊಂಡು ಒಂದನ್ನು ಕಪಾಟಿನಲ್ಲಿಡಿ. ದುಬಾರಿ ಬೋರ್ಡಿಗೆ ಕೊಡಬೇಕೆಂದಿದ್ದ ಹಣದಲ್ಲಿ ಇಡೀ ಯಂತ್ರಕ್ಕೆ ವಿದ್ಯುತ್ ಪೂರೈಸುವ ಒಳ್ಳೆಯ ಎಸ್‌ಎಂಪಿಎಸ್ ತನ್ನಿ. ಬೋರ್ಡಿನ ನಂಬಿಕೆ ಎನ್ನುವುದು ಆ ಒಂದು ತುಂಡು ಫೈಬರ್‌ಗ್ಲಾಸಿನ ಗುಣ ಎಂದು ನಾವೆಲ್ಲ ತಿಳಿದಿದ್ದೆವು. ಅದು ಬಹುಪಾಲು ಆ ಕಚೇರಿ ಕೊಳ್ಳುವ ರೀತಿಯ ಗುಣ.

2000ರ ದಶಕದ ಮೊದಲ ಭಾಗದಲ್ಲಿ ಸಯಾಜಿಗಂಜಿನ ಅಂಗಡಿಗಳು ಅಸೆಂಬಲ್ಡ್ ಕಂಪ್ಯೂಟರಿಗೆ ಕೊಡುತ್ತಿದ್ದ ಕೊಟೇಶನ್‌ಗಳಲ್ಲಿ ಎರಡು ದರ ಇರುತ್ತಿದ್ದವು. ಒಂದು 'ಒರಿಜಿನಲ್ ಇಂಟೆಲ್' ಬೋರ್ಡಿನದು, ಇನ್ನೊಂದು ಇಂಟೆಲ್ ಚಿಪ್‌ಸೆಟ್ ಇರುವ ಬೇರೆಯವರ ಬೋರ್ಡಿನದು. 845, 865, ಆಮೇಲೆ 945 ಎಂಬ ಸಂಖ್ಯೆಗಳು ಚಿಪ್‌ಸೆಟ್‌ನವು, ಬೋರ್ಡಿನವಲ್ಲ. ಒಂದೇ 845 ಚಿಪ್ಪಿನ ಮೇಲೆ ಹತ್ತಾರು ಕಂಪನಿಗಳು ಹತ್ತಾರು ಬಗೆಯ ಬೋರ್ಡು ಮಾಡುತ್ತಿದ್ದವು. ಚಿಪ್‌ಸೆಟ್ ಪ್ರೊಸೆಸರಿಗೆ ಮೆಮೊರಿ, ಡಿಸ್ಕ್, ಯುಎಸ್‌ಬಿಗಳನ್ನು ಜೋಡಿಸಿಕೊಡುತ್ತದೆ. ಉಳಿದದ್ದೆಲ್ಲ, ಎಂದರೆ ಪ್ರೊಸೆಸರಿಗೆ ಕರೆಂಟು ಹದಮಾಡಿ ಕೊಡುವ ಮಾಸ್‌ಫೆಟ್, ಕಾಯಿಲ್, ಕೆಪಾಸಿಟರುಗಳು, ಪೋರ್ಟುಗಳು, ಬಯಾಸ್, ಬೋರ್ಡು ಮಾಡಿದವರ ಆಯ್ಕೆ. ಕೆಡುವುದು ಹೆಚ್ಚಾಗಿ ಈ ಎರಡನೆಯ ಗುಂಪಿನದು. ಹೀಗಾಗಿ 'ಇಂಟೆಲ್ ಬೋರ್ಡೇ ಬೇಕು' ಎನ್ನುತ್ತಿದ್ದವರ ಮಾತಿನಲ್ಲಿ ಅರ್ಥವಿತ್ತು. ಆ ಬೋರ್ಡುಗಳು ನೋಡಲು ಬಡಕಲು, ಬಯಾಸ್‌ನಲ್ಲಿ ಆಟವಾಡಲು ಏನೂ ಇಲ್ಲ, ಓವರ್‌ಕ್ಲಾಕ್ ಮಾಡುವವರು ಅವನ್ನು ಕಂಡರೆ ನಗುತ್ತಿದ್ದರು. ಕಚೇರಿಗೆ ಬೇಕಾದದ್ದು ಅದೇ ಗುಣ. ಆದರೆ 2013ರ ಜನವರಿಯಲ್ಲಿ ಇಂಟೆಲ್ ಡೆಸ್ಕ್‌ಟಾಪ್ ಬೋರ್ಡಿನ ವ್ಯಾಪಾರದಿಂದ ಹಂತಹಂತವಾಗಿ ಹೊರಬರುವುದಾಗಿ ಪ್ರಕಟಿಸಿತು. ಹೆಸರನ್ನು ನಂಬಿ ಕೊಳ್ಳುತ್ತಿದ್ದವರಿಗೆ ಆ ಹೆಸರೇ ಪೇಟೆಯಿಂದ ಮಾಯವಾಯಿತು. ಗುಣವನ್ನು ಗುರುತಿಸಿ ಕೊಳ್ಳುತ್ತಿದ್ದವರಿಗೆ ತೊಂದರೆಯಾಗಲಿಲ್ಲ; ಅಂಥದೇ ಬಡಕಲು ಬೋರ್ಡುಗಳನ್ನು ತೈವಾನಿನ ಎಲ್ಲ ದೊಡ್ಡ ಕಂಪನಿಗಳೂ ಮಾಡುತ್ತಿದ್ದವು.

ಬೆಲೆಗೂ ಬಾಳಿಕೆಗೂ ಇರುವ ನಂಟನ್ನು ಪರೀಕ್ಷಿಸಲು ಆ ದಶಕ ಒದಗಿಸಿದಷ್ಟು ಸಾಕ್ಷ್ಯ ಇನ್ಯಾವ ಕಾಲವೂ ಒದಗಿಸಿಲ್ಲ. 1999ರಿಂದ ಏಳೆಂಟು ವರ್ಷ ಜಗತ್ತಿನಾದ್ಯಂತ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ಅಕಾಲದಲ್ಲಿ ಕೆಡತೊಡಗಿದವು. ಒಳಗಿನ ದ್ರಾವಣದ ಸೂತ್ರವೇ ಸರಿಯಿರಲಿಲ್ಲ. ಅನಿಲ ಹುಟ್ಟಿ ತಲೆ ಉಬ್ಬುತ್ತಿತ್ತು, ಕಂದು ರಸ ಸೋರುತ್ತಿತ್ತು, ಯಂತ್ರ ಕಾರಣವಿಲ್ಲದೆ ರೀಸ್ಟಾರ್ಟ್ ಆಗಿ ಒಂದು ದಿನ ಏಳುತ್ತಲೇ ಇರಲಿಲ್ಲ. ಕೆಟ್ಟ ಸರಕು ಅಗ್ಗದ ಬೋರ್ಡುಗಳಿಗಷ್ಟೇ ಹೋಗಿರಲಿಲ್ಲ. ಕಾರ್ಪೊರೇಟ್ ಕಚೇರಿಗಳಿಗೆಂದೇ ಮಾಡಿದ ಬ್ರ್ಯಾಂಡೆಡ್ ಯಂತ್ರಗಳಲ್ಲೂ ಅದು ಸೇರಿತ್ತು. ಅಮೆರಿಕದ ಒಂದು ಅತಿ ದೊಡ್ಡ ಕಂಪನಿ ಅಂಥ ಯಂತ್ರಗಳ ದುರಸ್ತಿಗೆಂದು 2005ರಲ್ಲಿ 30 ಕೋಟಿ ಡಾಲರ್ ವೆಚ್ಚ ತೋರಿಸಬೇಕಾಯಿತು. ಹೆಚ್ಚು ಕೊಟ್ಟವರಿಗೂ ಕಡಿಮೆ ಕೊಟ್ಟವರಿಗೂ ಕೆಟ್ಟ ಕೆಪಾಸಿಟರೇ ಸಿಕ್ಕಿತ್ತು ಎಂಬುದು ಅದರ ಅರ್ಥ.

ವಡೋದರಾದಲ್ಲಿ ಇದಕ್ಕೆ ಇನ್ನೊಂದು ಲೆಕ್ಕ ಸೇರುತ್ತಿತ್ತು, ಬಿಸಿಲಿನದು. ದ್ರವ ತುಂಬಿದ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಶಾಖ ಇಳಿದಂತೆ ಸುಮಾರು ಎರಡರಷ್ಟಾಗುತ್ತದೆ, ಏರಿದಂತೆ ಅರ್ಧವಾಗುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ಬರೆದಿರುವ ಕೆಪಾಸಿಟರು 75 ಡಿಗ್ರಿಯಲ್ಲಿ 16,000 ಗಂಟೆ ಬಾಳಬೇಕು, 65ರಲ್ಲಿ 32,000. ಕಚೇರಿಯ ಯಂತ್ರ ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 300 ದಿನ ಓಡಿದರೆ 3,000 ಗಂಟೆ. ಅಂದರೆ ಕ್ಯಾಬಿನೆಟ್ಟಿನೊಳಗೆ ಬರೀ 10 ಡಿಗ್ರಿ ವ್ಯತ್ಯಾಸವಾದರೆ ಬೋರ್ಡಿನ ಆಯುಸ್ಸು ಹತ್ತು ವರ್ಷದಿಂದ ಐದಕ್ಕೆ ಇಳಿಯುತ್ತದೆ. 85 ಡಿಗ್ರಿಯ ಮುದ್ರೆಯಿರುವ ಅಗ್ಗದ ಸರಕು ಹಾಕಿದ್ದರೆ 75 ಡಿಗ್ರಿಯಲ್ಲಿ ಅದರ ಪಾಲಿಗೆ 4,000 ಗಂಟೆ, ಒಂದೂವರೆ ವರ್ಷವೂ ಇಲ್ಲ. ಮೇ ತಿಂಗಳಲ್ಲಿ ಹೊರಗೆ 40 ದಾಟುವುದು ಇಲ್ಲಿ ಮಾಮೂಲಿ. ಸೇಠರ ಕೋಣೆಗೆ ಎಸಿ ಇರುತ್ತದೆ. ಅಕೌಂಟ್ಸ್‌ನವರು ಕೂರುವ ಕಡೆ ಫ್ಯಾನು. ಇದರ ಮೇಲೆ 2004ರಲ್ಲಿ ಬಂದ ಪ್ರೆಸ್ಕಾಟ್ ತಳಿಯ ಪೆಂಟಿಯಮ್ 4 ಪ್ರೊಸೆಸರುಗಳಲ್ಲಿ ಹಲವು 89 ವ್ಯಾಟ್‌ನಿಂದ 115ರವರೆಗೆ ಶಾಖ ಕಾರುತ್ತಿದ್ದವು, ಆ ಶಾಖದ ಪಕ್ಕದಲ್ಲೇ ಕೆಪಾಸಿಟರುಗಳ ಸಾಲು. ಬಿಸಿಲುಗಾಲದಲ್ಲಿ ಚಿಪ್-ಲೆವೆಲ್ ರಿಪೇರಿಯವರ ಮೇಜಿನ ಮೇಲೆ ಬೋರ್ಡುಗಳು ಪೇರಿಸಿಟ್ಟಿರುತ್ತಿದ್ದುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಹಿಂದಿನ ಫ್ಯಾನಿನ ಧೂಳು ತೆಗೆಸುವುದು ಎರಡು ಸಾವಿರ ರೂಪಾಯಿ ಹೆಚ್ಚಿನ ಬೋರ್ಡಿಗಿಂತ ಹೆಚ್ಚು ಫಲ ಕೊಡುತ್ತಿತ್ತು. ಚಿಪ್‌ಸೆಟ್ ಮೇಲೆ ಪುಟ್ಟ ಫ್ಯಾನು ಕೂರಿಸಿದ್ದ ಬೋರ್ಡುಗಳೂ ಆಗ ಬರುತ್ತಿದ್ದವು. ಆ ಫ್ಯಾನು ನಿಂತರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಚಿಪ್ಪು ಮಾತ್ರ ಬೇಯುತ್ತಿತ್ತು. ಬರೀ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದ್ದ ಅಗ್ಗದ ಬೋರ್ಡೇ ಅಲ್ಲಿ ಲೇಸು.

ಮುಂದೆ ಘನ ಪಾಲಿಮರ್ ಕೆಪಾಸಿಟರುಗಳು ಬಂದವು. ಅವುಗಳಲ್ಲಿ ಆರಲು, ಸೋರಲು ದ್ರವವಿಲ್ಲ. ಮೊದಲು ಅವು ದುಬಾರಿ ಬೋರ್ಡಿನ ಜಾಹೀರಾತಾಗಿದ್ದವು, ಆಮೇಲೆ ಪ್ರೊಸೆಸರ್ ಸುತ್ತಲಿಗೆ ಮಾತ್ರ, ಕ್ರಮೇಣ ಅಗ್ಗದ ಬೋರ್ಡಿನಲ್ಲೂ ಎಲ್ಲ ಕಡೆ. ಇದೇ ಹೊತ್ತಿಗೆ ಪ್ರೊಸೆಸರುಗಳೂ ತಣ್ಣಗಾದವು. 2012ರ ಕೋರ್ ಐ3-3220 ಎಂಬುದು 55 ವ್ಯಾಟ್‌ನದು. ಈಚಿನ ಐ3-12100ರ ಮೂಲ ಬಳಕೆ 60 ವ್ಯಾಟ್. ಇಷ್ಟಕ್ಕೆ ಮೂರು ಹಂತದ ಸಾದಾ ವಿದ್ಯುತ್ ಸರ್ಕ್ಯೂಟು ಧಾರಾಳ ಸಾಕು. ದುಬಾರಿ ಬೋರ್ಡಿನ ಎಂಟು ಹತ್ತು ಹಂತಗಳು, ಎರಡು ಪಟ್ಟು ತಾಮ್ರ, ಮಿಲಿಟರಿ ದರ್ಜೆ ಎಂಬ ಮುದ್ರೆ, ಬಣ್ಣದ ದೀಪ, ಇವೆಲ್ಲ ಓವರ್‌ಕ್ಲಾಕ್ ಮಾಡುವ, ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕುವ ಹುಡುಗರಿಗೆ. ಟ್ಯಾಲಿಯಲ್ಲಿ ವೋಚರ್ ಹಾಕುವ ಯಂತ್ರ ದಿನದ ಬಹುಭಾಗ ಸುಮ್ಮನೆ ಕೂತಿರುತ್ತದೆ. ಬೋರ್ಡಿನ ಬಾಳಿಕೆಗೆ ಹಿಂದೆ ಇದ್ದ ಒಂದೇ ಒಂದು ನಿಜವಾದ ಕಾರಣ, ಒಳ್ಳೆಯ ಕೆಪಾಸಿಟರು, ಈಗ ಕೆಳಗಿನ ದರ್ಜೆಗೂ ಇಳಿದು ಬಂದಿರುವಾಗ ಮೇಲಿನ ದರ್ಜೆಗೆ ಕೊಡುವ ಹಣಕ್ಕೆ ಕಚೇರಿಯಲ್ಲಿ ಸಿಗುವುದು ಬರೀ ದೊಡ್ಡ ಪೆಟ್ಟಿಗೆ.

ಕಚೇರಿಯವರು ನಿಜಕ್ಕೂ ನೋಡಬೇಕಾದದ್ದು ಬೋರ್ಡಿನ ಹಿಂಬದಿ, ಪೋರ್ಟುಗಳಿರುವ ಪಟ್ಟಿ. ನಾಲ್ಕು ಪ್ರತಿಯ ಚಲನ್‌ಗೆ ಕಾರ್ಬನ್ನಿನ ಮೇಲೆ ಸೂಜಿ ಬಡಿಯುವ ಪ್ರಿಂಟರೇ ಬೇಕು. ಲೇಸರ್ ಪ್ರಿಂಟರಿಗೆ ಅದು ಆಗದ ಕೆಲಸ. ಆ ಹಳೆಯ ಡಾಟ್ ಮ್ಯಾಟ್ರಿಕ್ಸ್‌ಗಳು ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವಂಥವು. ನಮ್ಮ ಬೆಂಗಳೂರಿನಿಂದ ಹೊರಟು ಗುಜರಾತಿನ ಗದ್ದಿಗದ್ದಿಗೂ ತಲುಪಿದ ಟ್ಯಾಲಿಯ ಹಳೆಯ ಆವೃತ್ತಿಗಳಿಗೂ ಅದೇ ಪೋರ್ಟಿಗೆ ಚುಚ್ಚುವ ಡಾಂಗಲ್ ಬೇಕಿತ್ತು. ತೂಕದ ಸೇತುವೆಗೆ, ಕೆಲವು ಮಾಪನ ಯಂತ್ರಗಳಿಗೆ ಸೀರಿಯಲ್ ಪೋರ್ಟು. ಹೊಸ ಬೋರ್ಡಿನಲ್ಲಿ ಹಿಂಬದಿಯಿಂದ ಇವು ಕಾಣೆಯಾದರೂ ಸಾದಾ ಬೋರ್ಡುಗಳ ಒಳಗೆ ಇವಕ್ಕೆ ಪಿನ್ನುಗಳ ಸಾಲು ಇನ್ನೂ ಇರುವುದುಂಟು. ಒಂದು ರಿಬ್ಬನ್ ಕೇಬಲ್ ತಂದು ಹಿಂದಕ್ಕೆ ಎಳೆದುಕೊಂಡರಾಯಿತು. ಗೇಮಿಂಗ್ ಬೋರ್ಡುಗಳಲ್ಲಿ ಹುಡುಕಿದರೆ ಸಿಗುವುದು ಅಪರೂಪ. ವಿಜಿಎ ಮಾನಿಟರುಗಳ ವಿಷಯವೂ ಹಾಗೇ: ಹತ್ತು ಮಾನಿಟರು ಚೆನ್ನಾಗಿರುವಾಗ ವಿಜಿಎ ಇಲ್ಲದ ಬೋರ್ಡು ತಂದರೆ ಹತ್ತು ಕನ್ವರ್ಟರುಗಳ ಖರ್ಚು, ಅವುಗಳ ಕಾಟ ಬೇರೆ.

ಇನ್ನು ಒಂದೇ ಮಾಡೆಲ್ ಯಾಕೆ ಎಂಬುದಕ್ಕೆ ಬರುತ್ತೇನೆ. ನನ್ನ ವಾದದ ಭಾರವೆಲ್ಲ ಇದರ ಮೇಲಿದೆ. ಬೋರ್ಡು ಸತ್ತಾಗ ಕಚೇರಿಗೆ ಆಗುವ ನಷ್ಟ ಬೋರ್ಡಿನ ಬೆಲೆಯಲ್ಲ, ಆ ಯಂತ್ರ ಮತ್ತೆ ಏಳುವವರೆಗಿನ ಹೊತ್ತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಒಂದು ಚಿಪ್‌ಸೆಟ್ ಮೇಲೆ ಇನ್‌ಸ್ಟಾಲ್ ಮಾಡಿದ ಡಿಸ್ಕನ್ನು ಬೇರೆ ತಯಾರಕರ ಚಿಪ್‌ಸೆಟ್ ಇರುವ ಬೋರ್ಡಿಗೆ ಹಾಕಿದರೆ 7ಬಿ ಎಂದು ಕೊನೆಯಾಗುವ ಸಂಖ್ಯೆ ಹೊತ್ತ ನೀಲಿ ಪರದೆ ಬಂದು ನಿಲ್ಲುತ್ತಿತ್ತು. ವಿಂಡೋಸ್ ಮತ್ತೆ ಹಾಕು, ಡ್ರೈವರ್ ಹುಡುಕು, ಟ್ಯಾಲಿ ಹಾಕು, ಪ್ರಿಂಟರ್ ಹೊಂದಿಸು, ಹಳೆಯ ಡೇಟಾ ಎತ್ತು, ದಿನ ಮುಗಿಯಿತು. ಅದೇ ಮಾಡೆಲ್ ಬೋರ್ಡು ಕಪಾಟಿನಲ್ಲಿದ್ದರೆ ಪ್ರೊಸೆಸರು, ರ‍್ಯಾಮು, ಡಿಸ್ಕು ಅದಕ್ಕೆ ವರ್ಗಾಯಿಸಿ ಆನ್ ಮಾಡಿದರೆ ಯಂತ್ರಕ್ಕೆ ತಾನು ಬದಲಾದದ್ದೇ ತಿಳಿಯುತ್ತಿರಲಿಲ್ಲ. ಮೊದಲ ದಿನ ಒಂದು ಯಂತ್ರ ಸಿದ್ಧಪಡಿಸಿ ಅದರ ಇಮೇಜನ್ನು ಉಳಿದವುಗಳಿಗೆ ಇಳಿಸಬಹುದು, ಬಯಾಸ್ ಹೊಂದಿಕೆ ಒಂದೇ ಹಾಳೆಯಲ್ಲಿ ಬರೆದಿಡಬಹುದು, ರ‍್ಯಾಮ್ ಅದಲುಬದಲು ಮಾಡಿ ದೋಷ ಹಿಡಿಯಬಹುದು. ರಾಜ್ಯ ಸಾರಿಗೆಯ ಡಿಪೊಗಳು ಒಂದೇ ಮೇಕಿನ ಬಸ್ಸುಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದರ ಹಿಂದಿನ ಲೆಕ್ಕವೂ ಇದೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಹೊತ್ತಿನ ಬೆಲೆ ಇನ್ನೂ ಸ್ಪಷ್ಟವಾಯಿತು. ಪ್ರತಿ ತಿಂಗಳು ರಿಟರ್ನ್ ಸಲ್ಲಿಸಲು ಕೊನೆಯ ದಿನಗಳಾದ 11 ಮತ್ತು 20ನೇ ತಾರೀಕಿನ ಆಸುಪಾಸಿನಲ್ಲಿ ಸಿಎ ಕಚೇರಿಯ ಯಂತ್ರಗಳಿಗೆ ಬಿಡುವಿಲ್ಲ. ತೆರಿಗೆ ಬಾಕಿಯಿರುವ 3ಬಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಬಡ್ಡಿ ಬೇರೆ. ಒಬ್ಬ ಸಿಎ ಬಳಿ ಅಂಥ ಗಿರಾಕಿಗಳು ನೂರಿದ್ದರೆ ಒಂದು ದಿನ ಜಾರಿದ್ದಕ್ಕೆ 5,000. ಕಪಾಟಿನ ಬೋರ್ಡಿನ ಬಹುಪಾಲು ಬೆಲೆ ಅಲ್ಲೇ ಬಂತು.

ಇದಕ್ಕೆ ಮೊದಲ ಆಕ್ಷೇಪ ಎದುರಿಗೇ ಇದೆ. ಎಲ್ಲವೂ ಒಂದೇ ಮಾಡೆಲ್ ಆದರೆ ಅದರಲ್ಲಿ ಹುಟ್ಟುದೋಷವಿದ್ದಾಗ ಎಲ್ಲವೂ ಒಟ್ಟಿಗೆ ಕೆಡುವುದಿಲ್ಲವೇ? ಕೆಡುತ್ತವೆ. 865 ಚಿಪ್‌ಸೆಟ್‌ನ ಜೊತೆ ಬರುತ್ತಿದ್ದ ಐಸಿಎಚ್5 ಎಂಬ ಸೌತ್ ಬ್ರಿಜ್ ಚಿಪ್ಪು ಯುಎಸ್‌ಬಿ ಮೂಲಕ ಬರುವ ಸ್ಥಿರ ವಿದ್ಯುತ್ತನ್ನು ತಡೆದುಕೊಳ್ಳುತ್ತಿರಲಿಲ್ಲ. ಒಣ ಹವೆಯಲ್ಲಿ ಮುಂದಿನ ಪೋರ್ಟಿಗೆ ಪೆನ್ ಡ್ರೈವ್ ಚುಚ್ಚಿದ ಕ್ಷಣದ ಕಿಡಿಗೆ ಒಳಗೇ ಸುಟ್ಟುಹೋಗುವುದು ರಿಪೇರಿಯವರಿಗೆಲ್ಲ ಗೊತ್ತಿದ್ದ ರೋಗ. 2011ರ ಜನವರಿ 31ರಂದು ಇಂಟೆಲ್ ತನ್ನ ಹೊಚ್ಚಹೊಸ 6 ಸರಣಿಯ ಚಿಪ್‌ಸೆಟ್‌ಗಳಲ್ಲಿ ಕೆಲವು ಸಾಟಾ ಪೋರ್ಟುಗಳು ಕಾಲಕ್ರಮೇಣ ದುರ್ಬಲವಾಗುತ್ತವೆ ಎಂದು ತಾನೇ ಹೇಳಿ ಸರಬರಾಜು ನಿಲ್ಲಿಸಿತು. ದುರಸ್ತಿ, ಬದಲಿಗೆ 70 ಕೋಟಿ ಡಾಲರ್, ಕೈತಪ್ಪುವ ಮಾರಾಟ 30 ಕೋಟಿ ಡಾಲರ್ ಎಂದು ಅಂದಾಜಿಸಿತು. ಆದರೆ ಈ ಎರಡೂ ಉದಾಹರಣೆಗಳಲ್ಲಿ ಕಾಲವನ್ನು ಗಮನಿಸಿ. 2011ರ ದೋಷ ಸಿಕ್ಕಿಬಿದ್ದದ್ದು ಚಿಪ್‌ಸೆಟ್ ಪೇಟೆಗೆ ಬಂದ ಕೆಲವೇ ವಾರಗಳಲ್ಲಿ. ಐಸಿಎಚ್5ರ ರೋಗ ತಿಳಿಯಲು ಹೆಚ್ಚು ದಿನ ಹಿಡಿಯಿತು, ಆದರೂ ಆ ಚಿಪ್‌ಸೆಟ್ ಪೇಟೆಯಲ್ಲಿರುವಾಗಲೇ ರಿಪೇರಿ ಅಂಗಡಿಗಳಲ್ಲಿ ಅದು ಗುಟ್ಟಾಗಿ ಉಳಿದಿರಲಿಲ್ಲ. ಮೊದಲು ಕೊಂಡವರ ತಲೆಯ ಮೇಲೆ ದೋಷಗಳೆಲ್ಲ ಸುರಿದ ಮೇಲೆ ನಾವು ಕೊಳ್ಳಬೇಕು. ಒಂದು ವರ್ಷವಾದರೂ ಓಡಿದ ಚಿಪ್‌ಸೆಟ್ ಎಂದು ಮೊದಲೇ ಹೇಳಿದ್ದು ಇದಕ್ಕೇ. ಇಪ್ಪತ್ತು ಮೂವತ್ತು ಯಂತ್ರಗಳ ಕಚೇರಿಯಾದರೆ ಕೆಲವು ತಿಂಗಳ ಅಂತರದಲ್ಲಿ ಎರಡು ಕಂತಿನಲ್ಲಿ ಕೊಳ್ಳುವುದರಿಂದ ತಯಾರಿಕೆಯ ಒಂದು ಬ್ಯಾಚಿನ ದೋಷ ಇನ್ನೊಂದಕ್ಕೆ ತಗಲದು. ಹತ್ತು ಬಗೆಯ ಬೋರ್ಡು ಇಟ್ಟುಕೊಂಡವರಿಗೆ ಹುಟ್ಟುದೋಷ ತಪ್ಪುತ್ತದೆ ಎಂದೇನೂ ಇಲ್ಲ. ಅದು ಹತ್ತು ಬಗೆಯಾಗಿ ಬೇರೆಬೇರೆ ದಿನ ಬರುತ್ತದೆ, ಯಾವುದಕ್ಕೂ ಬದಲಿ ಕೈಯಲ್ಲಿರುವುದಿಲ್ಲ.

ಎರಡನೆಯ ಆಕ್ಷೇಪ ವಾರಂಟಿಯದು. ಮೂರು ವರ್ಷ ವಾರಂಟಿ ಇರುವಾಗ ಬದಲಿ ಬೋರ್ಡಿನ ಮೇಲೆ ಹಣ ಕೂಡಿಹಾಕಿ, ಅದರ ವಾರಂಟಿಯನ್ನೂ ಕಪಾಟಿನಲ್ಲೇ ಕೊಳೆಸುವುದು ಯಾಕೆ ಎಂದು ಗುಜರಾತಿನ ಯಾವ ವ್ಯಾಪಾರಿಯಾದರೂ ಕೇಳುತ್ತಾನೆ, ಕೇಳಬೇಕು. ವಾರಂಟಿ ಬೋರ್ಡನ್ನು ಕೊಡುತ್ತದೆ, ಹೊತ್ತನ್ನು ಕೊಡುವುದಿಲ್ಲ. ಸರ್ವಿಸ್ ಸೆಂಟರಿಗೆ ಹೋದದ್ದು ಒಂದೆರಡು ವಾರಕ್ಕೆ ಬರಬಹುದು, ಹೆಚ್ಚೂ ಆಗಬಹುದು. ಮಾಡೆಲ್ ನಿಂತುಹೋಗಿದ್ದರೆ ಬದಲಿಗೆ ಬೇರೆ ಮಾಡೆಲ್ ಕೈಗಿಡುವುದೂ ಇದೆ. ಸತ್ತ ಬೋರ್ಡಿನ ಜಾಗಕ್ಕೆ ಕಪಾಟಿನದು ಹೋಗಲಿ, ಸತ್ತದ್ದು ವಾರಂಟಿಗೆ ಹೋಗಿ ಮರಳಿ ಬಂದು ಕಪಾಟಿನ ಬೋರ್ಡಾಗಲಿ. ಆಗ ಎರಡೂ ದುಡಿಯುತ್ತವೆ. ಕಪಾಟಿನಲ್ಲಿಡುವಾಗ ಸಿಆರ್2032 ಸೆಲ್ಲನ್ನು ತೆಗೆದು ಬೇರೆ ಇಡಿ. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಂದೂ ಎಸೆಯಬೇಡಿ. 2004ರ ಎಲ್‌ಜಿಎ775ರಿಂದ ಇಂಟೆಲ್ ಸೂಕ್ಷ್ಮ ಪಿನ್ನುಗಳನ್ನು ಪ್ರೊಸೆಸರಿನಿಂದ ಬೋರ್ಡಿಗೆ ವರ್ಗಾಯಿಸಿದೆ. ಒಂದು ಪಿನ್ನು ಬಾಗಿದ್ದರೂ ವಾರಂಟಿಯವರು ಆಗದೆನ್ನುತ್ತಾರೆ, ಮುಚ್ಚಳವಿಲ್ಲದೆ ಬಂದ ಬೋರ್ಡನ್ನು ಎಷ್ಟೋ ಕಡೆ ತೆಗೆದುಕೊಳ್ಳುವುದೇ ಇಲ್ಲ.

ನನ್ನ ವಾದವನ್ನು ನಿಜಕ್ಕೂ ಅಲುಗಿಸಿದ್ದು ಮೂರನೆಯ ಆಕ್ಷೇಪ. ಹಿಂದಿನ ತಲೆಮಾರಿನ ಚಿಪ್‌ಸೆಟ್ ಕೊಂಡರೆ ಹಾರ್ಡ್‌ವೇರ್ ಕೆಡುವ ಮೊದಲೇ ಸಾಫ್ಟ್‌ವೇರ್ ಅದನ್ನು ಮುದಿಯಾಗಿಸಿಬಿಡುತ್ತದೆ ಎನ್ನುವುದು ಅದು. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಬೆಂಬಲ ನಿಂತಾಗ ಬೋರ್ಡನ್ನು ಹಾಗೇ ಇಟ್ಟು ಮುಂದಿನ ವಿಂಡೋಸ್‌ಗೆ ದಾಟಲು ಹೆಚ್ಚಿನ ಯಂತ್ರಗಳಿಗೆ ಸಾಧ್ಯವಿತ್ತು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಆ ದಾರಿಯನ್ನು ಮುಚ್ಚಿತು: ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರಿನಿಂದ ಮೇಲೆ ಮಾತ್ರ. 2015ರ ಎಚ್110 ಬೋರ್ಡುಗಳು 6, 7ನೇ ತಲೆಮಾರಿನವು, ಹೊರಗುಳಿದವು. 2018ರ ಎಚ್310 ಬೋರ್ಡುಗಳು 8ನೆಯದರಿಂದ ಶುರುವಾಗುವುದರಿಂದ ಒಳಗೆ ಬಂದವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿದಾಗ ಒಂದೇ ಒಂದು ತಲೆಮಾರಿನ ಅಂತರ ಇಡೀ ಕಚೇರಿಯ ಹಣೆಬರಹ ಬರೆದಿತ್ತು. ಈ ಆಕ್ಷೇಪಕ್ಕೆ ಮಣಿದು ನಾನು ಒಂದು ಷರತ್ತು ಸೇರಿಸುತ್ತೇನೆ, ವಾದ ಬಿಡುವುದಿಲ್ಲ. ಒಂದು ಹೆಜ್ಜೆ ಹಿಂದೆ ಇರಬೇಕು, ನಾಲ್ಕು ಹೆಜ್ಜೆಯಲ್ಲ. ಪೇಟೆಯಲ್ಲಿ ಇವತ್ತಿಗೂ 2011ರ ಎಚ್61ರ 'ಹೊಸ' ಬೋರ್ಡುಗಳು ಸಿಗುತ್ತವೆ. ಚಿಪ್‌ಸೆಟ್‌ನ ತಯಾರಿಕೆ ಎಂದೋ ನಿಂತಿರುವಾಗ ಅವುಗಳಲ್ಲಿ ಹಳೆಯ ಬೋರ್ಡಿನಿಂದ ಕಿತ್ತ ಚಿಪ್ಪುಗಳು ಸೇರುವುದು ಈ ವ್ಯಾಪಾರದಲ್ಲಿ ತೆರೆದ ಗುಟ್ಟು. ಎಚ್61ರ ಸಾಟಾ ಪೋರ್ಟುಗಳು ಹಳೆಯ 3 ಗಿಗಾಬಿಟ್ ವೇಗದವು. ಸತ್ತ ಹಳೆಯ ಯಂತ್ರವೊಂದನ್ನು ಎಬ್ಬಿಸಲು ಅದು ಸರಿ. ಹೊಸ ಕಚೇರಿಗೆ ಅದನ್ನು ಹಾಕಿಸುವವರು ಅಗ್ಗವನ್ನು ಕೊಳ್ಳುತ್ತಿದ್ದಾರೆ, ಉಳಿತಾಯವನ್ನಲ್ಲ.

ಇದೇ ವಿಂಡೋಸ್ ಇನ್ನೊಂದು ಕಡೆಯಿಂದಲೂ ವಾದಕ್ಕೆ ಪೆಟ್ಟು ಕೊಟ್ಟಿದೆ. ವಿಂಡೋಸ್ 10, 11 ಬೇರೆ ಚಿಪ್‌ಸೆಟ್ ಮೇಲೂ ಹೆಚ್ಚಾಗಿ ಎದ್ದು ನಿಲ್ಲುತ್ತವೆ, ಹಾಗಿರುವಾಗ ಒಂದೇ ಮಾಡೆಲ್ ಎಂಬ ಹಟ ಯಾಕೆ ಎಂದು ಈಗಿನ ಹುಡುಗರು ಕೇಳುತ್ತಾರೆ. ಎದ್ದು ನಿಲ್ಲುವುದು ನಿಜ. ಒಂದೇ ಮಾಡೆಲ್ ಇದ್ದರೂ ಟಿಪಿಎಂ ಬದಲಾಗುವುದರಿಂದ ಬಿಟ್‌ಲಾಕರ್ ಕೀಲಿ ಕೇಳುತ್ತದೆ, ಕೀಲಿಯನ್ನು ಕಾಗದದಲ್ಲಿ ಬರೆದಿಡದವರ ಡಿಸ್ಕು ಕಲ್ಲಾಗುತ್ತದೆ ಎಂಬುದೂ ನಿಜ. ಆದರೆ ಮಾಡೆಲ್ ಬೇರೆಯಾದರೆ ಇವುಗಳ ಜೊತೆಗೆ ರ‍್ಯಾಮಿನ ಪ್ರಶ್ನೆ ಬರುತ್ತದೆ. ಎಚ್610ರಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಒಂದರ ರ‍್ಯಾಮು ಇನ್ನೊಂದಕ್ಕೆ ಕೂರದು. ಸಾಕೆಟ್ಟೇ ಬೇರೆಯಾದರೆ ಪ್ರೊಸೆಸರೂ ಹೊಸದು. ಬೋರ್ಡು ತರಲು ಹೋದವರು ಅರ್ಧ ಕಂಪ್ಯೂಟರು ಹೊತ್ತು ಬರುತ್ತಾರೆ. ಎಎಂಡಿಯ ಎಎಂ4 ಸಾಕೆಟ್ ಎಷ್ಟೋ ವರ್ಷ ಬದಲಾಗದೆ ಉಳಿದದ್ದು ಈ ದೃಷ್ಟಿಯಿಂದ ಮೆಚ್ಚಬೇಕಾದದ್ದೇ. ಹೊಸ ಪ್ರೊಸೆಸರ್ ಹಾಕಿಕೊಳ್ಳಬಹುದೆಂದು ಅದನ್ನು ಹೊಗಳುವವರ ಮಾತು ಮಾತ್ರ ಕಚೇರಿಗೆ ಹೊಂದುವುದಿಲ್ಲ. ಅಕೌಂಟ್ಸ್ ವಿಭಾಗದಲ್ಲಿ ಯಾರೂ ಪ್ರೊಸೆಸರ್ ಬದಲಿಸುವುದಿಲ್ಲ. ಹಳೆಯ ಪ್ರೊಸೆಸರಿಗೆ ಹೊಸ ಬೋರ್ಡು ಸಿಗುತ್ತದಲ್ಲ, ಅದು ಮುಖ್ಯ.

ಬೋರ್ಡಿನ ಹೆಸರಿನಲ್ಲಿ ದಾಖಲಾಗುವ ಸಾವುಗಳಲ್ಲಿ ಎಷ್ಟೋ ಎಸ್‌ಎಂಪಿಎಸ್ ಮಾಡಿದ ಕೊಲೆಗಳು. ಎಟಿಎಕ್ಸ್ ನಿಯಮದಂತೆ 12 ವೋಲ್ಟ್ ತಂತಿ 11.4ರಿಂದ 12.6ರೊಳಗೆ, 5 ವೋಲ್ಟ್ ತಂತಿ 4.75ರಿಂದ 5.25ರೊಳಗೆ ನಿಲ್ಲಬೇಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ, 450 ವ್ಯಾಟ್ ಎಂದು ಚೀಟಿ ಅಂಟಿಸಿದ ಹಗುರ ಪೆಟ್ಟಿಗೆಗಳಿಂದ ಈ ಶಿಸ್ತನ್ನು ವರ್ಷಗಟ್ಟಲೆ ನಿರೀಕ್ಷಿಸುವಂತಿಲ್ಲ. ಟ್ರಾನ್ಸ್‌ಫಾರ್ಮರು, ಕೇಬಲ್ಲುಗಳನ್ನು ಪರೀಕ್ಷಿಸಲು 1974ರಲ್ಲಿ ಶುರುವಾದ ಇರ್ಡಾ ಸಂಸ್ಥೆ ಇದೇ ಮಕರಪುರಾದಲ್ಲಿದೆ. ಅದರ ನೆರೆಹೊರೆಯ ಕಾರ್ಖಾನೆಗಳವರೇ ಎರಡೆರಡು ಬಾರಿ ಅರ್ಥಿಂಗ್ ಅಳೆದು ಯಂತ್ರ ಕೂರಿಸುತ್ತಾರೆ, ಆಫೀಸಿನ ಕಂಪ್ಯೂಟರಿಗೆ ಮಾತ್ರ ಮೂರನೆಯ ಪಿನ್ನು ಮುರಿದ ಪ್ಲಗ್ಗು! ಬೋರ್ಡಿನಲ್ಲಿ ಉಳಿಸಿದ ಮೊದಲ ಸಾವಿರ ಎಸ್‌ಎಂಪಿಎಸ್‌ಗೆ, ಎರಡನೆಯದು ಎಸ್‌ಎಸ್‌ಡಿಗೆ ಎಂದು ನಾನು ಹೇಳುತ್ತಿದ್ದುದು ಅದಕ್ಕೆ. ಯಂತ್ರ ಚುರುಕಾಗಿದೆ ಎಂದು ಕೂತವರಿಗೆ ಅನ್ನಿಸುವುದು ಎಸ್‌ಎಸ್‌ಡಿಯಿಂದ, ಬೋರ್ಡಿನಿಂದಲ್ಲ.

ಈ ಪ್ರದೇಶದ ಇನ್ನೆರಡು ಶತ್ರುಗಳಿಗೂ ಬೆಲೆಯ ಪಟ್ಟಿ ಓದಲು ಬರುವುದಿಲ್ಲ. ಒಂದು ಗಾಳಿ. 2006ರ ಜುಲೈ 1ರಿಂದ ಯುರೋಪು ಸೀಸವನ್ನು ನಿಷೇಧಿಸಿದ ಮೇಲೆ ಕೆಲವು ತಯಾರಕರು ತಾಮ್ರದ ಮೇಲೆ ತೆಳುವಾದ ಬೆಳ್ಳಿ ಲೇಪ ಕೊಡತೊಡಗಿದರು. ಗಂಧಕದ ಅನಿಲವಿರುವ ಗಾಳಿಯಲ್ಲಿ ಅದು ಕಪ್ಪಾಗಿ ತೆವಳಿ ಪಕ್ಕದ ಗೆರೆಯನ್ನು ಮುಟ್ಟಿ ಶಾರ್ಟ್ ಮಾಡುತ್ತದೆ. ತಿಂಗಳಿಗೆ ತಾಮ್ರ ಸವೆಯುವುದು 300 ಆಂಗ್‌ಸ್ಟ್ರಾಂ ಒಳಗಿದ್ದರೆ ಆ ಗಾಳಿ ಎಲೆಕ್ಟ್ರಾನಿಕ್ಸ್‌ಗೆ ಸೌಮ್ಯ ಎಂದು ಐಎಸ್‌ಎ ಮಾನದಂಡ ಹೇಳುತ್ತದೆ. ಕೋಯಲಿ, ನಂದೇಸರಿಯಂಥ ರಾಸಾಯನಿಕ ಪಟ್ಟಿಯಲ್ಲಿ ಕಿಟಕಿ ತೆರೆದಿಟ್ಟು ಕೂರುವ ಕಚೇರಿಗಳು ಆ ಸೌಮ್ಯ ಗಾಳಿಯನ್ನು ಲೆಕ್ಕಕ್ಕೆ ಹಿಡಿದುಕೊಳ್ಳುವಂತಿಲ್ಲ. ಇನ್ನೊಂದು ನೀರು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ಸೂರತ್‌ನ ಬಹುಭಾಗವನ್ನು ಮುಳುಗಿಸಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ 35 ಅಡಿ ದಾಟಿ ಹರಿದು ವಡೋದರಾದ ನೆಲಮಹಡಿಗಳಿಗೆ ನುಗ್ಗಿತು. ಮೇಜಿನ ಕೆಳಗಿಟ್ಟ ಕ್ಯಾಬಿನೆಟ್ಟಿನಲ್ಲಿ ಯಾವ ಬೋರ್ಡಿದ್ದರೇನು? ಅಂಥ ವಾರದಲ್ಲಿ ಬೇಕಾಗುವುದು ಬೇಗ ಸಿಗುವ ಬೋರ್ಡು, ಅದು ಸಾದಾ ಬೋರ್ಡೇ. ಸಯಾಜಿಗಂಜಿನಲ್ಲಿ ದಾಸ್ತಾನು ಮುಗಿದಿದ್ದರೂ 93 ಕಿ.ಮೀ. ಎಕ್ಸ್‌ಪ್ರೆಸ್‌ವೇಯ ಆ ಕೊನೆಯಲ್ಲಿ ಅಹಮದಾಬಾದಿನ ಸಗಟು ವ್ಯಾಪಾರಿಗಳಲ್ಲಿ ಇರುತ್ತದೆ. ಸಂಜೆಯೊಳಗೆ ಪಾರ್ಸೆಲ್ ಇಳಿಯುತ್ತದೆ. ಹೆಚ್ಚು ಬೆಲೆಯ ಮಾಡೆಲ್ಲುಗಳನ್ನು ಆರ್ಡರ್ ಮೇಲೆ ತರಿಸುವುದು ರೂಢಿ.

ಅಸೆಂಬಲ್ಡೇ ಬೇಡ, ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಬ್ರ್ಯಾಂಡೆಡ್ ಯಂತ್ರಗಳು ಅಗ್ಗವಾಗಿ ಸಿಗುತ್ತವಲ್ಲ ಎಂಬ ಮಾತು ಈಚೆಗೆ ಜೋರಾಗಿದೆ. ಅವುಗಳ ಕಟ್ಟುವಿಕೆ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಹಲವಕ್ಕೆ ಎಸ್‌ಎಂಪಿಎಸ್ ಕನೆಕ್ಟರ್ ತಮ್ಮದೇ ಅಳತೆಯದು, ಬೋರ್ಡಿನ ಆಕಾರ ತಮ್ಮದೇ. ಒಂದು ಕೆಟ್ಟರೆ ಅದೇ ಮಾಡೆಲ್ಲಿನ ಇನ್ನೊಂದು ಯಂತ್ರವನ್ನೇ ಬಿಚ್ಚಬೇಕು. ಹಾಗಾದರೆ ಅಲ್ಲೂ ನಿಯಮ ಅದೇ: ಹತ್ತು ಬೇಕಿದ್ದರೆ ಒಂದೇ ಮಾಡೆಲ್ಲಿನ ಹನ್ನೊಂದು. 8ನೇ ತಲೆಮಾರಿಗಿಂತ ಹಳೆಯದು ಬೇಡ.

ಸರ್ಕಾರಿ ಖರೀದಿಯಲ್ಲಿ ಮಾತ್ರ ಈ ಮಾತನ್ನು ಒಪ್ಪಿಸುವುದು ಕಷ್ಟ. ಅತಿ ಕಡಿಮೆ ದರದವರಿಗೆ ಆರ್ಡರ್ ಹೋಗುವಲ್ಲಿ ಈ ವರ್ಷ ಒಂದು ಬೋರ್ಡು, ಮುಂದಿನ ವರ್ಷ ಇನ್ನೊಂದು ಬರುತ್ತದೆ, ಕಪಾಟಿನ ಬೋರ್ಡಿಗೆ ಟೆಂಡರಿನಲ್ಲಿ ಕಾಲಮ್ಮೇ ಇರುವುದಿಲ್ಲ. ಖಾಸಗಿ ಕಚೇರಿಯ ಸೇಠರಿಗೆ ಲೆಕ್ಕ ತೋರಿಸಿದರೆ ಸಾಕಾಗುತ್ತಿತ್ತು. ಸಾದಾ ಎಚ್610 ಡಿಡಿಆರ್4 ಬೋರ್ಡು 6,500 ರೂಪಾಯಿ ಎಂದಿಟ್ಟುಕೊಳ್ಳಿ, ಹನ್ನೊಂದಕ್ಕೆ 71,500. ಅದೇ ಕೆಲಸಕ್ಕೆ 10,000ದ ಬೋರ್ಡು ಹತ್ತು ತಂದರೆ ಒಂದು ಲಕ್ಷ, ಬದಲಿ ಇಲ್ಲ. ಉಳಿದ 28,500ರಲ್ಲಿ ಹತ್ತು ಯಂತ್ರಕ್ಕೂ ಪುಕ್ಕಟೆ ಎಸ್‌ಎಂಪಿಎಸ್ ತೆಗೆದು ಒಳ್ಳೆಯದನ್ನು ಹಾಕಿಸಬಹುದು, ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ನೋಡಿಸಬಹುದು. ದೀಪಾವಳಿಯ ಚೋಪಡಾ ಪೂಜೆಯಲ್ಲಿ ಲೆಕ್ಕದ ಪುಸ್ತಕಗಳ ಪಕ್ಕ ಈಗ ಕಂಪ್ಯೂಟರಿಗೂ ಕುಂಕುಮ ಹಚ್ಚುವ ಈ ಊರಿನಲ್ಲಿ, ಕ್ಯಾಬಿನೆಟ್ ಬಿಚ್ಚಿ ಧೂಳು ಊದಿಸಲು ಅದರ ಹಿಂದಿನ ವಾರಕ್ಕಿಂತ ಒಳ್ಳೆಯ ವಾರವಿಲ್ಲ. ಕಪಾಟಿನ ಬೋರ್ಡನ್ನೂ ಆಗಲೇ ಹೊರತೆಗೆದು, ಒಂದು ಯಂತ್ರಕ್ಕೆ ಹಾಕಿ ನೋಡಿ, ಬಯಾಸ್ ಆವೃತ್ತಿ ಉಳಿದವುಗಳದೇ ಇದೆಯೇ ಎಂದು ಹೋಲಿಸಿ, ಸೆಲ್ ತೆಗೆದು ಮತ್ತೆ ಪೆಟ್ಟಿಗೆಗೆ ಸೇರಿಸಬಹುದು.